ಪಕ್ಕದ ಸೀಟು ಮಾತ್ರ ಟಾಪ್ ಮಾಡೆಲ್

"ಇದು ಬೆಟ್ಟ ಹತ್ತೋ ಗಾಡಿ ಅಲ್ಲ. ಬೆಟ್ಟದ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋ ಗಾಡಿ."

ಅವಳು ಅವನಿಗೆ ಆಡಿದ ಮೊದಲ ಮಾತೇ ಇದು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ಪ್ರೇಮ ಕಥೆ ಹೀಗೂ ಶುರುವಾಗುತ್ತದೆಯೇ ಎಂದು ಕೇಳಬೇಡಿ. ಇದು ಹೀಗೇ ಶುರುವಾಯಿತು, ನಾನೇನು ಮಾಡಲಿ?

ಆಗ ಅವಳು ಅಪ್ಪನ ವರ್ಕ್‌ಶಾಪಿನಲ್ಲಿ ಒಂದು ಹಳೇ ಜೀಪಿನ ಅಡಿಯಲ್ಲಿ ಮಲಗಿದ್ದಳು. ಅವನಿಗೆ ಕಂಡದ್ದು ಗ್ರೀಸ್ ಮೆತ್ತಿದ ಎರಡು ಬೂಟು, ಒಂದು ಕೈ. ಹೊಸ ಪಿಕಪ್ಪಿನ ಚಿತ್ರವಿದ್ದ ಬಣ್ಣದ ಹಾಳೆಯನ್ನು ಅವನು ಬಗ್ಗಿ ಆ ಕೈಗೆ ಕೊಟ್ಟಿದ್ದ. ಅದು ಹೋದಷ್ಟೇ ಬೇಗ ವಾಪಸು ಬಂತು, ಹೆಬ್ಬೆರಳಿನ ಕಪ್ಪು ಗುರುತಿನ ಸಮೇತ.

"ಬುಕ್ ಮಾಡ್ಬಿಟ್ಟೆನಲ್ಲ..." ಎಂದ.

ಅವಳು ಮಲಗಿದ್ದ ಗಾಲಿ ಹಲಗೆ ಸಮೇತ ಸರ್ರನೆ ಹೊರಗೆ ಜಾರಿ ಬಂದಳು. ಕೆನ್ನೆಯ ಮೇಲೆ ಮಸಿ. ಕಣ್ಣು ಮಾತ್ರ ಚೊಕ್ಕ. ಅವನು ಹೇಳಬೇಕೆಂದಿದ್ದ ಮುಂದಿನ ಮಾತು ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

"ಎಲ್ಲಿಗೆ ಹೋಗ್ಬೇಕು ನಿಮಗೆ?"

"ಬೆಟ್ಟದ ಮೇಲೆ. ರಸ್ತೆ ಮುಗಿದ ಮೇಲೂ ಸ್ವಲ್ಪ ದೂರ."

"ಮತ್ತೆ ಟಾಪ್ ಮಾಡೆಲ್ ಯಾಕೆ? ದೊಡ್ಡ ರಿಮ್ಮು, ತೆಳ್ಳಗಿನ ಟಯರು. ಕಲ್ಲು ಕಂಡ್ರೆ ಸಾಕು, ಉಸಿರು ಬಿಡುತ್ತೆ. ತಲೆ ಮೇಲೆ ಕಿಟಕಿ ಬೇರೆ. ಏನು, ಮೋಡ ನೋಡ್ತೀರಾ?"

"ಹೂಂ. ಮೋಡ ನೋಡೋದೇ ನನ್ನ ಕೆಲಸ."

ತಮಾಷೆ ಅಲ್ಲ. ಅವನು ಹವಾಮಾನದವನು. ಬೆಟ್ಟದ ನೆತ್ತಿಗಳ ಮೇಲೆ ಮಳೆ, ಗಾಳಿ ಅಳೆಯುವ ಯಂತ್ರಗಳಿರುತ್ತವಲ್ಲ, ಅವುಗಳ ಹತ್ತಿರ ಹೋಗಿ ಸರಿಮಾಡಿ ಬರುವವನು. ಅಂದು ಮೂಲೆಯಲ್ಲಿ ಬಿಡಿಭಾಗದ ಕೌಂಟರಿನ ಹಿಂದೆ ಕೂತಿದ್ದ ಅವಳ ಚಿಕ್ಕಮ್ಮ ಅವನಿಗೆ ಮೋಡಪ್ಪ ಎಂದು ಹೆಸರಿಟ್ಟಳು. ಆ ಹೆಸರೇ ಉಳಿಯಿತು.

ಅವಳು ನಗು ನುಂಗಿಕೊಂಡು ಕೆಲಸದ ಮಾತಿಗೆ ಬಂದಳು.

"ಬೇಸ್ ಮಾಡೆಲ್‌ಗೆ ಹಿಂದಿನ ಆಕ್ಸಲ್ ಲಾಕ್ ಇಲ್ಲ. ಒಂದು ಚಕ್ರ ಮೇಲೆದ್ರೆ ಅದೊಂದೇ ಗಿರಗಿರ ತಿರುಗುತ್ತೆ, ಇನ್ನೊಂದು ಮಾವನ ಮನೆಗೆ ಬಂದ ಅಳಿಯನ ಥರ ಸುಮ್ನೆ ಕೂತಿರುತ್ತೆ. ನಡುವಿನದು ತಗೊಳ್ಳಿ. ಲಾಕ್ ಇದೆ, ಚಿಕ್ಕ ರಿಮ್ ಇದೆ, ದಪ್ಪ ಟಯರ್ ಕೂರುತ್ತೆ. ಶೋಕಿ ಇಲ್ಲ. ಎತ್ತರ, ಸ್ಪ್ರಿಂಗು ನಾನು ನೋಡ್ಕೋತೀನಿ."

ಅವನು ಅಲ್ಲೇ ನಿಂತು ಷೋರೂಮಿಗೆ ಫೋನ್ ಮಾಡಿ ಟಾಪ್ ಮಾಡೆಲ್ ಬೇಡ ಎಂದ. ಅವಳಿಗೆ ಕಸಿವಿಸಿ. ಬರುವ ಗಿರಾಕಿಗಳೆಲ್ಲ ವಾದ ಮಾಡಿ, ಕೊನೆಗೆ ತಮಗೆ ಬೇಕಾದದ್ದೇ ಮಾಡುವವರು. ಹೇಳಿದ ತಕ್ಷಣ ಕೇಳುವವನನ್ನು ಏನು ಮಾಡುವುದು?

ಗಾಡಿ ಬಂತು. ಅವಳು ಎತ್ತರಿಸಿದಳು, ಸ್ಪ್ರಿಂಗ್ ಬದಲಿಸಿದಳು, ಹೊಟ್ಟೆಯಡಿಗೆ ಉಕ್ಕಿನ ತಗಡು ಕೂರಿಸಿದಳು.

ಆ ವರ್ಕ್‌ಶಾಪಿನಲ್ಲಿ ಒಂದು ಕಟ್ಟುಪಾಡು ಇತ್ತು, ಅವಳಪ್ಪ ಮಾಡಿದ್ದು. ಗಾಡಿ ಹೊರಗೆ ಹೋಗುವ ಮುಂಚೆ ಸ್ಪ್ರಿಂಗ್ ಹಾಕಿದವರು ಪಕ್ಕದ ಸೀಟಿನಲ್ಲಿ ಕೂರಬೇಕು, ಮಾಲೀಕ ಓಡಿಸಬೇಕು. ಸ್ಟೇರಿಂಗ್ ಹಿಡಿದವನಿಗೆ ಗುಂಡಿ ಮೊದಲೇ ಕಾಣುತ್ತದೆ, ಮೈ ಬಿಗಿ ಮಾಡಿಕೊಳ್ಳುತ್ತಾನೆ. ಗಾಡಿಯ ನಿಜವಾದ ಏಟು ಬೀಳುವುದು ಪಕ್ಕದಲ್ಲಿ ಕೂತವರಿಗೆ.

ಹಾಗೆ ಇಬ್ಬರೂ ಊರಾಚೆಯ ಹಳೇ ಕಲ್ಲುಗಣಿಗೆ ಹೋದರು. ಹೊರಡುವಾಗ ಅವಳು ಎಂದಿನಂತೆ ವೇಸ್ಟ್ ಬಟ್ಟೆಯ ಒಂದು ಉಂಡೆಯನ್ನು ಬೆನ್ನ ಹಿಂದೆ ತುರುಕಿಕೊಂಡಳು. ಹಿಂದೊಮ್ಮೆ ರ‍್ಯಾಂಪಿನ ಮೇಲಿಂದ ಬಿದ್ದಿದ್ದಳು, ಸೊಂಟ ಇನ್ನೂ ನೋಯುತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಅಪ್ಪ ಕೌಂಟರಿನಲ್ಲಿ ಕೂರಿಸುತ್ತಾನೆ ಎಂಬ ಭಯ.

ಗಣಿಯ ತಿರುವಿನಲ್ಲಿ ಅವನು ಮೆಲ್ಲಗೆ ಬಾಯಿಬಿಟ್ಟ. "ಆ ಮೋಡ ನೋಡಿ, ಅದರ ಅಂಚು..."

"ಗಾಡಿ ಬಗ್ಗೆ ಮಾತ್ರ ಮಾತಾಡಿ. ಬೇರೆ ಮಾತಾಡಿದ್ರೆ ಸ್ಪ್ರಿಂಗಿನ ಬುಶ್ ಕಿರುಗುಟ್ಟೋ ಸದ್ದು ಕೇಳಿಸಲ್ಲ ನನಗೆ."

ಅವನು ಮತ್ತೆ ದಾರಿಯ ಕಡೆ ತಿರುಗಿದ.

ಅವಳಿಗೆ ಬುಶ್ ಸದ್ದೂ ಕೇಳಿಸಲಿಲ್ಲ. ಆ ದನಿಯೇ ಕಿವಿಯಲ್ಲಿ ಕೂತಿತ್ತು. ಛೆ, ಆ ಮೋಡದ ಅಂಚಿಗೆ ಏನಾಗಿತ್ತು? ಕೇಳಿಬಿಡಬೇಕಿತ್ತು...

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅವನು ಹಾಜರು.

"ಇನ್ನೊಂದು ಬದಲಾವಣೆ ಬೇಕಿತ್ತು. ಟಾಪ್ ಮಾಡೆಲ್‌ನ ಸೀಟು ಸಿಗುತ್ತಾ? ಸೊಂಟಕ್ಕೆ ಒತ್ತು ಕೊಡೋದು, ಮೆತ್ತಗಿರೋದು?"

"ಬಿಡಿಯಾಗಿ ತರಿಸಬಹುದು. ಈಗ ನೆನಪಾಯ್ತಾ ಶೋಕಿ? ಎರಡೂ ಕಡೆಗಾ?"

"ಇಲ್ಲ. ಪಕ್ಕದ ಸೀಟು ಮಾತ್ರ."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ದಿನವಿಡೀ ಓಡಿಸುವವನು ತನಗೆ ಬರೀ ಬಟ್ಟೆ ಸೀಟು ಇಟ್ಟುಕೊಂಡು, ಪಕ್ಕದಲ್ಲಿ ಸಿಂಹಾಸನ ಹಾಕಿಸುತ್ತಾನೆಂದರೆ...

"ಜೊತೆಗೆ ಯಾರಾದ್ರೂ ಬರ್ತಾರಾ? ಭಾರ ಗೊತ್ತಾದ್ರೆ ಆ ಕಡೆ ಸ್ಪ್ರಿಂಗ್ ಸರಿಮಾಡ್ಬಹುದು," ಎಂದಳು. ಗಾಡಿ ಬಗ್ಗೆಯೇ ತಾನೇ?

ಅವನು ಅವಳನ್ನು ನೋಡಿದ, ನೆಲ ನೋಡಿದ, ಆಮೇಲೆ ಛಾವಣಿಯ ತಗಡು ನೋಡಿದ.

"ಹೆಚ್ಚು ಕಮ್ಮಿ... ನಿಮ್ಮಷ್ಟೇ."

ನನ್ನಷ್ಟೇ. ಅಂದರೆ ಒಬ್ಬಳು ಇದ್ದಾಳೆ. ನನ್ನನ್ನು ತಕ್ಕಡಿ ಮಾಡಿಕೊಂಡು ಅವಳನ್ನು ತೂಗುತ್ತಿದ್ದಾನೆ. ಅವಳ ಎದೆಯೊಳಗೆ ಏನೋ ಕಳಚಿ ಬಿತ್ತು. ಗಾಡಿಯಾಗಿದ್ದರೆ ಅಡಿಗೆ ಮಲಗಿ ಏನೆಂದು ನೋಡಬಹುದಿತ್ತು.

"ಹೆಂಡತಿ ಇರ್ಬೇಕು ಕಣೇ. ಸೊಂಟಕ್ಕೆ ಒತ್ತು ಅಂದ್ರೆ... ಬಸುರಿಯೋ ಏನೋ," ಎಂದಳು ಚಿಕ್ಕಮ್ಮ, ಅವನು ಹೋದ ಮೇಲೆ.

ಅಪ್ಪ ಸೀಟು ಕೂರಿಸುವ ಬೋಲ್ಟು ಹುಡುಕುತ್ತಿದ್ದ. "ಅವನನ್ನೇ ಕೇಳಿದ್ರೆ ಆಯ್ತಪ್ಪ. ಬಾಯಿ ಇದೆಯಲ್ಲ ಇಬ್ಬರಿಗೂ."

"ನನಗ್ಯಾಕೆ ಬೇಕು ಅದೆಲ್ಲ?" ಎಂದು ರೇಗಿದಳು. ಅಪ್ಪನಿಗೆ ತಾನು ಏನು ತಪ್ಪು ಹೇಳಿದೆ ಎಂದು ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ.

ಸೀಟು ಬಂತು, ಕೂರಿಸಿದಳು. ಆ ಸೀಟಿಗೆ ಒಂದು ಚಾಳಿ. ಯಾರಾದರೂ ಕೂತು ಬೆಲ್ಟ್ ಹಾಕದಿದ್ದರೆ ಟಿಂಗ್ ಟಿಂಗ್ ಎಂದು ಬಡಿದುಕೊಳ್ಳುತ್ತಿತ್ತು. ಆ ಕಡೆಯ ಸ್ಪ್ರಿಂಗನ್ನು ಕಾಣದ ಹೆಣ್ಣೊಬ್ಬಳ ಭಾರಕ್ಕೆ ಸರಿಮಾಡಿದಳು. ಮಾಡುವ ಕೆಲಸ ಕೆಡಿಸುವುದು ಅವಳಿಗೆ ಬರುತ್ತಿರಲಿಲ್ಲ, ಸಿಟ್ಟಿನಲ್ಲಿ ಕೂಡ.

"ನೋಡಿ," ಎಂದಳು ಅವನ ಮುಖ ನೋಡದೆ, "ಇದು ಇಬ್ಬರು ಕೂತಾಗ ಸಮ ನಿಲ್ಲೋ ಹಾಗೆ ಮಾಡಿದ್ದೀನಿ. ಒಬ್ಬರೇ ಓಡಿಸ್ಬೇಡಿ. ಒಂದು ಕಡೆಗೆ ವಾಲುತ್ತೆ, ಟಯರ್ ಅಂಚು ಸವೆಯುತ್ತೆ. ಆಮೇಲೆ ನನ್ನ ಬೈಬೇಡಿ."

"ಒಬ್ಬನೇ ಓಡಿಸ್ಬಾರದು," ಎಂದು ಪಾಠದ ಹಾಗೆ ಒಪ್ಪಿಸಿದ. "ಗಣಿಗೆ ಹೋಗೋಣ್ವಾ?"

"ಅಪ್ಪ ಬರ್ತಾರೆ."

ಅವನ ಮುಖ ಬಾಡಿತು. ಅವಳು ನೋಡಲಿಲ್ಲ, ನೋಡಬಾರದೆಂದು ಹಟ ಹಿಡಿದಿದ್ದಳಲ್ಲ. ಅಪ್ಪ ಹೋಗಿ ಬಂದು, "ಸೀಟು ಪಸಂದಾಗಿದೆ. ಆ ಮನುಷ್ಯ ಮಾತ್ರ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ," ಎಂದ.

ಕೆಲವು ವಾರ ಕಳೆದು ಗಾಡಿ ಮೊದಲ ಸರ್ವೀಸಿಗೆ ಬಂತು. ಅವನು ಬಿಟ್ಟು ಹೋದ ಮೇಲೆ ಅವಳು ಪಕ್ಕದ ಬಾಗಿಲು ತೆಗೆದಳು. ನೋಡಬೇಡ ಎಂದುಕೊಂಡೇ ನೋಡಿದಳು.

ಗಾಡಿ ಓದುವುದು ಅವಳ ಕಸುಬು. ಟಯರ್ ನೋಡಿ ಮಾಲೀಕನ ಸಿಟ್ಟು ಹೇಳುವಳು, ಕ್ಲಚ್ ನೋಡಿ ಅವನ ಪುಕ್ಕಲುತನ ಹೇಳುವಳು. ಈಗ ಸೀಟು ಹೇಳಿತು. ಮೆತ್ತೆಯ ನಡುವೆ ಕೂತೂ ಕೂತೂ ಆದ ತಗ್ಗು. ಬೆಲ್ಟಿನ ಮೇಲೆ ಒಂದೇ ಜಾಗದಲ್ಲಿ ಮಡಿಕೆ. ಸೀಟು ಮುಂದಕ್ಕೆ ಸರಿದಿತ್ತು... ಗಿಡ್ಡಗಿದ್ದಾಳೆ. ದಿನಾ ಬರುತ್ತಾಳೆ. ಅವನೇ ಬೆಲ್ಟ್ ಹಾಕುತ್ತಾನೋ ಏನೋ.

ಟಯರುಗಳು ಮಾತ್ರ ಎರಡೂ ಕಡೆ ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದೆ ಸವೆದಿದ್ದವು. ತನ್ನ ಕೆಲಸ ಅಷ್ಟು ಚೆನ್ನಾಗಿ ಕೂತದ್ದಕ್ಕೆ ಅಳು ಬಂದದ್ದು ಅದೇ ಮೊದಲು.

ಚಿಕ್ಕಮ್ಮ ಒಂದು ಸಂಬಂಧ ತಂದಿದ್ದಳು. ಊರಿನ ಇನ್ನೊಂದು ತುದಿಯಲ್ಲಿ ಟಯರ್ ಅಂಗಡಿ ಇಟ್ಟವನು. ಒಳ್ಳೆಯವನೇ. ಅವನ ಮನೆಯವರು ಉತ್ತರಕ್ಕೆ ಕಾಯುತ್ತಿದ್ದರು. ಇಷ್ಟು ದಿನ ನೋಡೋಣ, ನೋಡೋಣ ಎನ್ನುತ್ತಿದ್ದವಳು ಆ ಸಂಜೆ, ಅವನು ಬಂದು ಗಾಡಿ ಒಯ್ದ ಮೇಲೆ, ಕೈ ತೊಳೆಯುತ್ತಾ ಅಂದಳು:

"ನಾಳೆ ಫೋನ್ ಮಾಡು ಚಿಕ್ಕಮ್ಮ. ಆಯ್ತು ಅನ್ನು."

"ಮನಸ್ಸಿಟ್ಟು ಹೇಳ್ತಿದ್ದೀಯೇನೇ?"

"ಗೊತ್ತಿಲ್ಲ. ಹೇಳ್ತಿದ್ದೀನಷ್ಟೆ."

ಮಾರನೇ ದಿನ ಮಧ್ಯಾಹ್ನ ಊಟ ಮುಗಿಸಿ ಚಿಕ್ಕಮ್ಮ ಫೋನ್ ಕೈಗೆತ್ತಿಕೊಂಡಳು. ಅದೇ ಹೊತ್ತಿಗೆ ಮೋಡಪ್ಪನ ಪಿಕಪ್ಪು ಹಿಂಭಾಗ ತಿರುಗಿಸಿಕೊಂಡು ಅಂಗಳಕ್ಕೆ ಬಂದು ನಿಂತಿತು. ಗಾಡಿಯ ಹಿಂದಿನ ತೊಟ್ಟಿಯಲ್ಲಿ ಯಂತ್ರಗಳು, ಹಗ್ಗ, ಡಬ್ಬಿ. ಅವನು ಇಳಿದು ಅಪ್ಪನಿಗೆ ಹೇಳುತ್ತಿದ್ದ: ದೂರದ ಸಾಲಿನ ಬೆಟ್ಟಗಳಿಗೆ ಹೊರಟಿದ್ದೇನೆ, ಬರುವುದು ತುಂಬಾ ತಡ, ಒಂದು ಸಲ ಚಕ್ರದ ನೇರ ನೋಡಿಬಿಡಿ.

ಅವಳು ಒಳಗಿನಿಂದಲೇ ಹಿಂದಿನ ಗಾಜಿನೊಳಗೆ ನೋಡಿದಳು. ಪಕ್ಕದ ಸೀಟಿನಲ್ಲಿ ಯಾರೋ ಇದ್ದರು. ಮಳೆ ಕೋಟು ಹೊದ್ದು ಕುಗ್ಗಿ ಕೂತಿದ್ದರು, ಎದೆಗೆ ಅಡ್ಡಲಾಗಿ ಬೆಲ್ಟ್.

ಬಂದಿದ್ದಾಳೆ.

ಒಂದು ಒಳ್ಳೆ ಮಾತಾಡಿ ಕಳಿಸಿಬಿಡೋಣ. ಸೀಟು ಆರಾಮಾಗಿದೆಯಾ ಎಂದು ಕೇಳೋಣ. ಅಷ್ಟೇ. ಆಮೇಲೆ ನನ್ನ ಪಾಡು ನನಗೆ... ಹೀಗೆ ಅಂದುಕೊಳ್ಳುತ್ತಾ ಅಂಗಳ ದಾಟಿ ಹೋಗಿ ಬಾಗಿಲು ತೆಗೆದಳು.

ಒಳಗೆ ಕೂತದ್ದು ಒಂದು ಮರಳಿನ ಚೀಲ.

ಮಳೆ ಕೋಟಿನಲ್ಲಿ ಸುತ್ತಿದ, ಕತ್ತು ಕಟ್ಟಿದ, ಬೆಲ್ಟ್ ಹಾಕಿಸಿಕೊಂಡ ಮರಳಿನ ಚೀಲ. ಅವಳು ಕೋಟು ಎತ್ತಿ ನೋಡಿದಳು. ಹಿಂದಿನ ಸೀಟನ್ನೂ ನೋಡಿದಳು. ಯಾರೂ ಇಲ್ಲ.

"ಇದ್ಯಾರು?"

ಅವನು ಓಡಿ ಬಂದ. ಕಿವಿಯವರೆಗೆ ಕೆಂಪು. "ನೀವೇ ಹೇಳಿದ್ರಲ್ಲ... ಒಬ್ಬನೇ ಓಡಿಸ್ಬಾರದು ಅಂತ."

"ಅದಕ್ಕೆ?"

"ಅದಕ್ಕೆ ನಿಮ್ಮಷ್ಟು ಭಾರದ್ದು ತುಂಬಿಸಿದೆ. ಅಂದಾಜಿನ ಮೇಲೆ. ಸೀಟು ಕೊಳೆ ಆಗ್ಬಾರ್ದು ಅಂತ ಕೋಟು. ಬೆಲ್ಟ್ ಹಾಕ್ದಿದ್ರೆ ಬಡ್ಕೊಳ್ಳುತ್ತೆ. ಸೀಟು ಮುಂದಕ್ಕೆ ಎಳೀದಿದ್ರೆ ಇಳಿಜಾರಲ್ಲಿ ಜಾರಿ ಕೆಳಗೆ ಬೀಳುತ್ತೆ. ನಿನ್ನೆ ಸರ್ವೀಸಿಗೆ ಬಿಡುವಾಗ ನಾಚಿಕೆಯಾಗಿ ಇಳಿಸಿ ಬಂದಿದ್ದೆ."

"ಹೆಂಡತಿ?"

"ಯಾರ ಹೆಂಡತಿ?"

"ಸರಿ... ಹಾಗಾದ್ರೆ ಈ ಸೀಟು ಯಾರಿಗೆ ಹಾಕಿಸಿದ್ದು?"

ಅವನು ಮೇಲೆ ನೋಡಿದ. ಅಂದು ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ, ಪಾಪ.

"ಈ ಗಾಡಿಯಲ್ಲಿ ಪಕ್ಕದ ಸೀಟಲ್ಲಿ ಕೂತವರಿಗೆ ಏಟು ಜಾಸ್ತಿ. ಆವತ್ತು ಗಣಿಯಲ್ಲಿ ಗಮನಿಸಿದೆ. ಬೆನ್ನ ಹಿಂದೆ ಬಟ್ಟೆ ಇಟ್ಕೊಂಡಿದ್ದರು. ಹಾಗಾಗಿ ಆ ಸೀಟು..."

"ಗಾಡಿ ಬಗ್ಗೆ ಸಾಕು," ಎಂದಳು. "ಬೇರೆ ಮಾತಾಡಿ."

"ನೀವೇ ಬೇಡ ಅಂದಿದ್ರಿ."

"ಈಗ ನಾನೇ ಹೇಳ್ತಿದ್ದೀನಿ."

ಅವನು ಉಸಿರೆಳೆದುಕೊಂಡ. "ನಿಮ್ಮ ಬೆನ್ನು ನೋಯುತ್ತೆ ಅಂತ ಗೊತ್ತಾದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ. ಯಾವತ್ತಾದರೂ ಒಂದಿನ ಈ ಗಾಡಿಯಲ್ಲಿ ನಿಮ್ಮನ್ನ ಮೇಲೆ ಕರ್ಕೊಂಡು ಹೋಗ್ಬೇಕು ಅಂತ ಆಸೆ. ಆವತ್ತು ನೋವಾಗ್ಬಾರ್ದು ಅಂತ ಹಾಕಿಸಿದೆ. ಸೀಟು ಬಂದ ದಿನ ನೀವು ಅಪ್ಪನ್ನ ಕಳಿಸಿದ್ರಿ. ಇಷ್ಟ ಇಲ್ಲ ಅಂತ ಅರ್ಥ ಮಾಡ್ಕೊಂಡೆ. ಆದ್ರೂ ಚೀಲ ಇಳಿಸೋಕೆ ಮನಸ್ಸು ಬರಲಿಲ್ಲ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಒಂದು ಮರಳಿನ ಚೀಲದ ಮೇಲೆ ಹೊಟ್ಟೆ ಉರಿದುಕೊಂಡಿದ್ದಳು. ಅದರ ತೂಕಕ್ಕೆ ಹೆದರಿ, ಅದು ಗಿಡ್ಡಗಿದೆ ಎಂದು ಕೊರಗಿ, ಅದಕ್ಕೊಬ್ಬ ಗಂಡನನ್ನೂ ಕೊಟ್ಟು...

ತಟ್ಟನೆ ತಿರುಗಿದಳು. "ಚಿಕ್ಕಮ್ಮ, ಫೋನ್!"

ಚಿಕ್ಕಮ್ಮ ಕೌಂಟರಿನಲ್ಲಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. "ಎಲ್ಲಿ ಮಾಡ್ಲೇ ತಾಯಿ? ಇಂಥ ನಾಟಕ ನಡೀವಾಗ ಫೋನ್ ಮಾಡೋಕೆ ನನಗೇನು ಹುಚ್ಚಾ? ಟಯರಿನವರಿಗೆ ಬೇರೆ ಮಾತು ಹೇಳ್ತೀನಿ ಬಿಡು."

ಅಪ್ಪ ಮಾತ್ರ ಬೇರೆಲ್ಲೋ ಇದ್ದ. "ಬೆನ್ನು ನೋಯುತ್ತಾ? ಯಾವಾಗಿಂದ? ನನಗೆ ಹೇಳ್ಲೇ ಇಲ್ಲ ಇವಳು."

"ಅದಕ್ಕೆ ಆಮೇಲೆ ಬೈಯಪ್ಪ," ಎಂದಳು.

ಬೆಲ್ಟ್ ಬಿಚ್ಚಿ ಚೀಲವನ್ನು ಎತ್ತಲು ಹೋದಳು. ಅವನು ತಡೆದು ತಾನೇ ಎತ್ತಿ ಅಂಗಳದ ಮೂಲೆಗೆ ಇಳಿಸಿದ. ಅಷ್ಟು ದಿನ ಜೊತೆಗಿದ್ದದ್ದಲ್ಲವೇ, ಮೆಲ್ಲಗೇ ಇಳಿಸಿದ.

ಅವಳು ಹತ್ತಿ ಕೂತಳು. ಸೊಂಟಕ್ಕೆ ಮೆತ್ತೆ ಹಿತವಾಗಿ ಒತ್ತಿತು. ಅವಳ ಅಳತೆಗೇ ಮಾಡಿದ ಹಾಗೆ, ಅವಳ ಕೈಯಿಂದಲೇ ಕೂರಿಸಿದ ಸೀಟು. ಟಿಂಗ್ ಟಿಂಗ್ ಎಂದು ಕೂಗತೊಡಗಿತು.

"ಬೆಲ್ಟ್..." ಎಂದ ಅವನು.

"ಹಾಕ್ಕೋತೀನಿ. ಇವತ್ತು ಗಣಿವರೆಗೆ ಮಾತ್ರ. ಬೆಟ್ಟದಿಂದ ವಾಪಸು ಬನ್ನಿ, ಆಮೇಲೆ ಮೇಲಿನ ಮಾತು."

"ಬರ್ತೀನಿ."

"ಆ ದಿನ ಮೋಡದ ಅಂಚಿಗೆ ಏನಾಗಿತ್ತು?"

"ದಾರಿಯಲ್ಲಿ ಹೇಳ್ತೀನಿ."

ಹಾಗೆಂದವನು ಹತ್ತದೆ, ಗಾಡಿಯ ಮುಂದೆ ಹೋಗಿ ನಿಂತು, ಬಗ್ಗಿ, ಒಂದು ಕಣ್ಣು ಮುಚ್ಚಿ ಬಂಪರ್ ಅಳೆಯುತ್ತಿದ್ದ.

"ಈಗ್ಲೂ ಸ್ವಲ್ಪ ವಾಲಿದೆ ಅನ್ಸುತ್ತೆ," ಎಂದ ಗಾಬರಿಯಿಂದ.

"ವಾಲ್ದೆ ಏನು ಮಾಡುತ್ತೆ? ನೀವು ಹೊರಗೆ ನಿಂತಿದ್ದೀರಲ್ಲ," ಎಂದಳು ಅವಳು. "ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ಸರಿಹೋಗುತ್ತೆ."