ಮಿಡಿಯದ ಮೊಟ್ಟೆಗಳು

ಟಾರ್ಚಣ್ಣನ ಕಣ್ಣು ಎಂಥದ್ದೆಂದರೆ, ಕೋಳಿಯ ನಡಿಗೆ ನೋಡಿಯೇ ಅದು ನಾಳೆ ಇಡುವ ಮೊಟ್ಟೆಯಲ್ಲಿ ಹುಂಜವಿದೆಯೋ ಹೇಂಟೆಯಿದೆಯೋ ಹೇಳುತ್ತಿದ್ದ. ಅವನು ದಿಟ್ಟಿಸಿದರೆ ಮರಿಗಳು ಚಿಪ್ಪಿನೊಳಗೇ ನಾಚಿ ಮುಖ ತಿರುಗಿಸುತ್ತಿದ್ದವು. ನಂಬದವರು ಅವನನ್ನೇ ಕೇಳಬಹುದು, ಇದಕ್ಕಿಂತ ದೊಡ್ಡದನ್ನು ಹೇಳುತ್ತಾನೆ.

ಹ್ಯಾಚರಿಯ ಕತ್ತಲ ಕೋಣೆಯಲ್ಲಿ ಮೊಟ್ಟೆಗೆ ದೀಪ ಹಿಡಿದು, ಜೀವವಿರುವುದನ್ನು ಉಳಿಸಿ ಇಲ್ಲದ್ದನ್ನು ತೆಗೆಯುವುದು ಅವನ ಕೆಲಸ. ಅದಕ್ಕೇ ಆ ಹೆಸರು. ಕಾವುಪೆಟ್ಟಿಗೆ ನೋಡಿಕೊಳ್ಳಲು ಹೊಸದಾಗಿ ಬಂದವಳು ಮಾತ್ರ ಹೆಸರಿನ ‘ಅಣ್ಣ’ನನ್ನು ಕತ್ತರಿಸಿ ಬರೀ ‘ಟಾರ್ಚು’ ಮಾಡಿದಳು. ಆ ‘ಅಣ್ಣ’ ಹೋದ ದಿನವೇ ಅವನ ನಿದ್ದೆಯೂ ಹೋಯಿತು.

ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸೇರಿದ ತಿಂಗಳೊಳಗೆ ಅವಳು ಕಾವಿಗಿಟ್ಟ ಮೊಟ್ಟೆಗಳು ಚೆನ್ನಾಗಿ ಮರಿಯಾದರೆ ಉಳಿಯುವಳು. ಇಲ್ಲವಾದರೆ ಚಿಕ್ಕಪ್ಪನ ಮನೆಗೆ ಮರಳಿ, ಅವರು ಗೊತ್ತುಮಾಡಿದ ಗಂಡಿಗೆ ಕತ್ತು ಒಡ್ಡಬೇಕು.

ಮೊಟ್ಟೆ ಕಾವಿಗಿಟ್ಟ ಮೂರ್ನಾಲ್ಕು ದಿನಕ್ಕೆ ಅವನು ಒಂದು ಮೊಟ್ಟೆಯ ಚಿಪ್ಪನ್ನು ಉಗುರಿನಷ್ಟು ಬಿಡಿಸಿ ತೋರಿಸಿದ. ಹಳದಿಯ ಮೇಲೆ ಕೆಂಪು ಎಳೆಗಳು. ನಡುವೆ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಮಿಡಿಯುತ್ತಿತ್ತು.

“ಕೊಕ್ಕಿಲ್ಲ, ರೆಕ್ಕೆಯಿಲ್ಲ, ಆಗ್ಲೇ ಹೃದಯಾನಾ?”

“ಮೊದಲು ಬಡ್ಕೊಳ್ಳೋದೇ ಅದು. ಮಿಕ್ಕಿದ್ದೆಲ್ಲ ಆಮೇಲೆ.”

“ಕಾಗೆ ಹಾರಿಸ್ಬೇಡಿ,” ಎಂದಳು. ಆದರೆ ತಾಗಿದ ಭುಜವನ್ನು ಇಬ್ಬರೂ ಸರಿಸಲಿಲ್ಲ.

ಅದಾದ ಮೇಲೆ ಒಂದು ಸಂಜೆ, ಅವಳು ರಜೆಯಲ್ಲಿದ್ದಾಗ, ಕಾವುಪೆಟ್ಟಿಗೆಯ ಫ್ಯಾನು ನಿಂತು ಬಿಸಿ ಏರಿ ಇಳಿದಿತ್ತು. ಯಾರೂ ಗಮನಿಸಲಿಲ್ಲ. ದೀಪ ಹಿಡಿಯುವ ಸರದಿ ಬಂದಾಗ, ಜೇಡರ ಬಲೆಯಂತೆ ಎಳೆಗಳು ಹರಡಿರಬೇಕಾದ ಕಡೆ ಕೆಂಪು ಗೆರೆಯೊಂದು ದುಂಡಗೆ ಸುತ್ತಿಕೊಂಡಿತ್ತು. ಜೀವ ಹೋದ ಮೇಲೆ ರಕ್ತ ಹಾಗೆ ಅಂಚಿಗೆ ಸರಿಯುತ್ತದೆ. ಟ್ರೇ ಮೇಲೆ ಟ್ರೇ ತೆಗೆದರೂ ಅದೇ.

ಬಾಗಿಲಲ್ಲಿ ಅವಳು ಹುಬ್ಬೇರಿಸಿ, ಉಸಿರು ಹಿಡಿದು ನಿಂತಿದ್ದಳು. ಆ ಮುಖ ಬಾಡುವುದನ್ನು ನೋಡುವಷ್ಟು ಗುಂಡಿಗೆ ನಮ್ಮ ಶೂರನಿಗೆ ಇರಲಿಲ್ಲ. ಚಿಪ್ಪಿನೊಳಗೆ ಮರಿಗಳ ಸಂತೆಯೇ ನೆರೆದಿದೆ ಎಂದು ಟ್ರೇಗಳನ್ನು ಮತ್ತೆ ಪೆಟ್ಟಿಗೆಗೇ ಸೇರಿಸಿಬಿಟ್ಟ. ಅವಳು ನಕ್ಕಳು. ಆಮೇಲೆ ದಿನವೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದದ್ದೇ ಹೊಲಿದದ್ದು: ಬಾಡಿಗೆ ಮನೆ ಎಲ್ಲಿ, ಅಡುಗೆಮನೆಯ ಕಿಟಕಿ ಯಾವ ಕಡೆ. ಅವನೂ ಕಿಟಕಿಯ ಮಾತಾಡಿದ, ಒಳಗೊಳಗೇ ಸಾಯುತ್ತ.

ಮರಿ ಹೊರಬರಬೇಕಾದ ದಿನ ಒಂದು ಚಿಪ್ಪೂ ಬಿರಿಯಲಿಲ್ಲ. ಅವಳೇ ದೀಪ ಹಿಡಿದಳು. ಒಂದು ನೋಡಿದಳು, ಇನ್ನೊಂದು ನೋಡಿದಳು. ಯಾವುದೂ ಮೊದಲ ವಾರ ದಾಟಿರಲಿಲ್ಲ.

“ನಿಮಗೆ ಯಾವಾಗ ಗೊತ್ತಾಯ್ತು?”

“ಅವತ್ತೇ. ನಿಮ್ಮ ಮುಖ ಬಾಡೋದು ನೋಡಕ್ಕಾಗ್ಲಿಲ್ಲ. ಅಷ್ಟು ಇಷ್ಟ ನಂಗೆ, ನೀವಂದ್ರೆ.”

“ಅವತ್ತೇ ಹೇಳಿದ್ರೆ ಬೇರೆ ಮೊಟ್ಟೆ ಇಡ್ತಿದ್ದೆ. ಟೈಮ್ ಇತ್ತು.” ಕೈಯಲ್ಲಿದ್ದ ಮೊಟ್ಟೆಯನ್ನು ಟ್ರೇಗೆ ಮರಳಿಸಿದಳು. “ಆ ಮನೇಲಿ ಜೊತೆಗೆ ನಾನೂ ನಿಮ್ಮನ್ನೇ ಅಂದ್ಕೊಂಡಿದ್ದೆ,” ಎಂದು ದೀಪ ಆರಿಸಿದಳು.

ಮಾಲೀಕರು ಅವಳಿಗೆ ನಾಳೆಯಿಂದ ಬರುವುದು ಬೇಡ ಎಂದರು.

ಗೇಟಿನ ಬಳಿ ಅವಳು ತಿರುಗಿ ನೋಡಿದಳು. ಆ ಒಂದೇ ನೋಟಕ್ಕೆ ಬೀದಿಯ ಕಂಬದ ದೀಪಗಳೆಲ್ಲ ಹಾಡಹಗಲೇ ಹೊತ್ತಿಕೊಂಡವು, ಓಡುವ ಬಸ್ಸುಗಳು ನಿಂತವು ಎಂಬುದು ಟಾರ್ಚಣ್ಣನ ಮಾತು. ಆದರೆ ಆ ದಿನ ಗೇಟಿನಲ್ಲಿದ್ದ ಕಾವಲುಗಾರ ಇದನ್ನು ಕೇಳಿ, ನಾನು ಅಲ್ಲೇ ಇದ್ದೆನಲ್ಲ ಎನ್ನುತ್ತಾನೆ. ಅವನೆದುರು ಸುಳ್ಳು ನಿಲ್ಲದು. ಅವಳು ತಿರುಗಿ ನೋಡಲಿಲ್ಲ. ಬಸ್ಸು ಕೂಡ ಆ ದಿನ ಸರಿಯಾದ ಹೊತ್ತಿಗೇ ಬಂತು.