ನಾನೂರ ಮೂವತ್ತೊಂಬತ್ತು

ಮೂರನೇ ಸಲ ಫೈಲು ವಾಪಸ್ ಬಂದಾಗ ನನ್ನ ಪಿತ್ತ ನೆತ್ತಿಗೇರಿತು. ನಾನೂರು ಕಿಲೋಮೀಟರ್ ಉದ್ದದ ವಿದ್ಯುತ್ ಲೈನು. ಲೆಕ್ಕ ಹಾಕಿದವಳು ನಾನು, ಅದನ್ನು ತಪಾಸಣೆ ಮಾಡುವವನು ಆತ. ಆಫೀಸಿನಲ್ಲಿ ಅವನಿಗೆ ಕೆಂಪು ಪೆನ್ನು ಅಂತಲೇ ಹೆಸರು. ತಂತಿ ಹಿಡಿದಿಟ್ಟುಕೊಳ್ಳುವ ಚಾರ್ಜನ್ನೆಲ್ಲ ಈಚೆ ತುದಿಯಲ್ಲಿ ಗುಡ್ಡೆ ಹಾಕಿದ್ದೀರಿ, ಅದು ದಾರಿಯುದ್ದಕ್ಕೂ ಹರಡಿರುತ್ತದೆ ಎಂದು ಗೀಚಿದ್ದ. ಗೊತ್ತಪ್ಪಾ ಮಹಾನುಭಾವ, ಲೆಕ್ಕ ಸುಲಭವಾಗಲಿ ಎಂದೇ ಹಾಗೆ ಮಾಡಿದ್ದು.

ಹಿಂದಿನ ವಾರ ಇದೇ ಮನುಷ್ಯ ಕ್ಯಾಂಟೀನಿನಲ್ಲಿ, ನನ್ನ ಮುಖ ನೋಡಲಾಗದೆ ಟೀ ಲೋಟವನ್ನೇ ನೋಡುತ್ತ, ಮದುವೆಯಾಗುತ್ತೀರಾ ಎಂದು ಕೇಳಿದ್ದ. ನನಗೂ ಒಳಗೊಳಗೇ ಇಷ್ಟವಿತ್ತು. ಆದರೂ ಜಂಬ ಬಿಡಬೇಕಲ್ಲ, ಇಲ್ಲ ಎಂದುಬಿಟ್ಟೆ. ಈಗ ಅದರ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಚೀಫ್ ಎಂಜಿನಿಯರ್‌ಗೆ ದೂರು ಬರೆದುಕೊಟ್ಟೆ.

ಎರಡು ದಿನ ಬಿಟ್ಟು, ಅವನ ಬಾಯಿ ಮುಚ್ಚಿಸಬೇಕೆಂದೇ, ಚಾರ್ಜನ್ನು ತಂತಿಯುದ್ದಕ್ಕೂ ಹಂಚಿ ಮತ್ತೆ ಲೆಕ್ಕ ಮಾಡಿದೆ. ಲೋಡ್ ಇಲ್ಲದಾಗ, ಅಂದರೆ ಆಚೆ ಕಡೆ ಯಾರೂ ಕರೆಂಟ್ ಎಳೆಯದ ಹೊತ್ತಿನಲ್ಲಿ, ಆ ತುದಿಯಲ್ಲಿ ನಾನೂರು ಕಿಲೋವೋಲ್ಟಿನ ಬದಲು ನಾನೂರ ಮೂವತ್ತೊಂಬತ್ತು ಬಂತು. ನಾನೂರಿಪ್ಪತ್ತು ದಾಟುವಂತಿಲ್ಲ. ಅಲ್ಲಿನ ಟ್ರಾನ್ಸ್‌ಫಾರ್ಮರ್ ಸಿಡಿದರೆ ಅದರ ಪಕ್ಕ ನಿಲ್ಲುವವರ ಗತಿಯೇನು?

ಚೀಫ್ ರೂಮಿಗೆ ಓಡಿದೆ. ಆತ ಅವರ ಮೇಜಿನ ಮುಂದೆ ನಿಂತಿದ್ದ. ಅವನನ್ನು ಎತ್ತಂಗಡಿ ಮಾಡುವ ಆರ್ಡರಿಗೆ ಸಹಿಯೊಂದೇ ಬಾಕಿ.

"ತಪ್ಪು ನಂದು ಸಾರ್. ಇವರು ಹೇಳಿದ್ದೇ ಸರಿ. ಆ ದೂರು ಸುಳ್ಳು."

ಚೀಫ್ ಆ ಆರ್ಡರನ್ನು ಹರಿದುಹಾಕಿ, ನನ್ನನ್ನು ಚೆನ್ನಾಗಿ ಝಾಡಿಸಿ, ಲೈನಿನ ಕೆಲಸವನ್ನೇ ನನ್ನ ಕೈಯಿಂದ ಕಿತ್ತುಕೊಂಡರು. ಆತ ಫೈಲು ಎತ್ತಿಕೊಂಡು ಹೊರಟ.

ಕಾರಿಡಾರಿನಲ್ಲಿ ಅಡ್ಡ ನಿಂತು ಕ್ಷಮೆ ಕೇಳಿದೆ. ಆತ ದುರುಗುಟ್ಟಿ ನೋಡಿದ.

"ಇಲ್ಲ ಅಂದ್ರಿ, ನೋವಾಯ್ತು, ಸುಮ್ಮನಾದೆ. ಆದ್ರೆ ಅದನ್ನ ಕೆಲಸದಲ್ಲಿ ತೀರಿಸ್ಕೊಳ್ತೀನಿ ಅಂದ್ಕೊಂಡ್ರಲ್ಲ, ನಾನು ಅಷ್ಟು ಕೀಳಾಗಿ ಕಂಡ್ನಾ?"

ಇಲ್ಲ ಎಂದದ್ದು ಬರೀ ಜಂಬಕ್ಕೆ, ನನಗೆ ನೀವು ಬೇಕು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ನನಗೀಗ ನಿಮ್ಮ ಮೇಲೆ ಕೆಟ್ಟ ಕೋಪ ಇದೆ," ಎಂದ. "ಈಗ ಹೂಂ ಅಂದ್ರೆ ದಿನಾ ಜಗಳಾನೇ."

"ಜಗಳ ಆಡೋಣ. ಬಿಟ್ಟು ಮಾತ್ರ ಹೋಗ್ಬೇಡಿ."

ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಆತ ನಗಲಿಲ್ಲ, ಸಮಾಧಾನ ಮಾಡಲಿಲ್ಲ. ಹೋಗಲೂ ಇಲ್ಲ.