ಕಾಣೆಯಾದ ಎಡಗೈ

ಕಾರ್ಯಾಗಾರದ ಕಪಾಟಿನ ಬಾಗಿಲು ಅರ್ಧ ತೆರೆದಿತ್ತು. ಕೈ ಇರಲಿಲ್ಲ.

ಪುಟ್ಟಿ ಮೇಲಿನ ಅರೆ ನೋಡಿದಳು, ಕೆಳಗಿನದು ನೋಡಿದಳು, ಕಪಾಟಿನ ಹಿಂದೆ ತಡಕಾಡಿದಳು. ಧೂಳು ಸಿಕ್ಕಿತು. ಕೃತಕ ಕೈಕಾಲು ತಯಾರಿಸುವ ವಿದ್ಯೆ ಕಲಿಯಲೆಂದು ಅವಳು ಪರದೇಶಕ್ಕೆ ಬಂದವಳು. ಆ ಎಡಗೈ ಅವಳ ಕೊನೆಯ ಪರೀಕ್ಷೆಯ ಕೆಲಸ. ಇವತ್ತು ಸಂಜೆ, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡಿದ್ದ ಒಬ್ಬ ತಾಯಿಯ ತೋಳಿಗೆ ಅದನ್ನು ತೊಡಿಸಿ ಪರೀಕ್ಷಕರಿಗೆ ತೋರಿಸಬೇಕಿತ್ತು. ತೋರಿಸದಿದ್ದರೆ ಒಂದು ವರ್ಷ ಮಣ್ಣುಪಾಲು.

"ದೊಡ್ಡಮ್ಮಾ, ಯಾರೋ ಕದ್ದಿದಾರೆ!"

ದೊಡ್ಡಮ್ಮ ಊಟದ ಡಬ್ಬಿಯ ಚೀಲವನ್ನು ಮೇಜಿನ ಮೇಲಿಟ್ಟರು. ತಂಗಿಯ ಮಗಳು ಹೇಗಿದ್ದಾಳೆಂದು ನೋಡಿ ಹೋಗಲು ಬಂದಿದ್ದವರು. ಆದರೆ ಪೊಲೀಸ್ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡಿದ್ದರು.

"ಏನೂ ಮುಟ್ಟಬೇಡ. ಬೀಗ ಒಡೆದಿದಾರಾ?"

"ಇಲ್ಲ. ಕೀಲಿಕೈ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತೆ. ಎಲ್ರಿಗೂ ಗೊತ್ತು."

"ಚೆನ್ನಾಯ್ತು! ಕಳ್ಳನಿಗೆ ಮಣೆ ಹಾಕಿ ಕರೆದ ಹಾಗೆ. ಬೇರೇನು ಹೋಗಿದೆ?"

"ಬೆಲೆಬಾಳೋದು ಏನೂ ಇಲ್ಲ."

"ನಾನು ಬೆಲೆ ಕೇಳ್ಲಿಲ್ಲ."

ಪುಟ್ಟಿಗೆ ಕೇಳಿಸಲಿಲ್ಲ. ಅವಳ ಮನಸ್ಸು ಆಗಲೇ ಕಳ್ಳನನ್ನು ಹಿಡಿದಾಗಿತ್ತು. ತರಗತಿಯಲ್ಲಿ ಪಕ್ಕದ ಮೇಜಿನವನು! ಆಸ್ಪತ್ರೆಯಲ್ಲಿ ಖಾಲಿಯಿದ್ದದ್ದು ಒಂದೇ ಕೆಲಸ, ಅರ್ಜಿ ಹಾಕಿದ್ದು ಅವರಿಬ್ಬರೂ. ಮೇಷ್ಟ್ರ ಮೇಲೂ ಅವಳಿಗೆ ಗುಮಾನಿಯಿತ್ತು. "ಉಗುರು ಚೆನ್ನಾಗಿ ಮಾಡಿದೀಯ, ಕೈ ಯಾವಾಗ ಮಾಡ್ತೀಯ?" ಎಂದು ಹೋದ ವಾರ ಎಲ್ಲರೆದುರು ಕೇಳಿದ್ದರು. ಆದರೆ ಅವರು ಎರಡು ದಿನದಿಂದ ಊರಲ್ಲೇ ಇರಲಿಲ್ಲ.

ತರಗತಿ ಮುಗಿದ ಕೂಡಲೇ ಪುಟ್ಟಿ ಪಕ್ಕದ ಮೇಜಿನವನನ್ನು ಮೆಟ್ಟಿಲ ಬಳಿ ತಡೆದಳು. ದೊಡ್ಡಮ್ಮನಿಗೆ ಆ ದೇಶದ ಭಾಷೆ ಬಾರದು, ಪುಟ್ಟಿಯೇ ದುಭಾಷಿ.

"ನಿನ್ನೆ ಕೊನೆಗೆ ಹೊರಟಿದ್ದು ಇವನೇನಾ ಅಂತ ಕೇಳು."

ಅವನು ಬಹಳ ಹೊತ್ತು ಮಾತಾಡಿದ. ಕೈಯಾಡಿಸಿದ. ಕೊನೆಗೆ ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲಿಳಿದು ಹೋದ.

"ತಾನು ಮುಟ್ಟಿಲ್ಲವಂತೆ," ಎಂದಳು ಪುಟ್ಟಿ.

"ಅಷ್ಟುದ್ದ ಮಾತಾಡಿದ. ನೀನು ಇಷ್ಟಕ್ಕೇ ಮುಗಿಸಿದೆ?"

"ಮಿಕ್ಕಿದ್ದೆಲ್ಲ ಸುಳ್ಳು ದೊಡ್ಡಮ್ಮ."

"ಸುಳ್ಳನ್ನೂ ಪೂರ್ತಿ ಹೇಳಬೇಕು ಮಗಳೇ. ತೋಳಿಗೆ ಏನೋ ಏರಿಸಿಕೊಳ್ಳೋ ಹಾಗೆ ತೋರಿಸಿದ್ನಲ್ಲ, ಅದೇನು?"

"ಅದಾ? ತೋಳಿಗೆ ಹಾಕೋ ಹತ್ತಿಯ ಚೀಲ. ಕೈ ಸಿಗುತ್ತೇನೋ ಅಂತ ಬೆಳಿಗ್ಗೆ ನನಗೋಸ್ಕರ ಡ್ರಾಯರೆಲ್ಲ ಹುಡುಕಿದನಂತೆ. ಅದೂ ಕಾಣ್ತಿಲ್ಲ ಅಂದ. ಹಳೇ ಬಟ್ಟೆ ಚೂರು, ಬಿಡಿ."

ದೊಡ್ಡಮ್ಮ ಬಿಡಲಿಲ್ಲ, ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಮಧ್ಯಾಹ್ನ ಪುಟ್ಟಿಗೆ ಗ್ರಂಥಾಲಯದಲ್ಲಿ ಕೆಲಸ. ಕೈ ಹೋದರೂ ಪುಸ್ತಕ ಜೋಡಿಸುವುದು ತಪ್ಪುವುದಿಲ್ಲವಲ್ಲ. ಅವಳು ಗಾಡಿ ತಳ್ಳಿಕೊಂಡು ಹೋದಂತೆ ದೊಡ್ಡಮ್ಮ ಕಪಾಟುಗಳ ನಡುವೆ ಪಿಸುಗುಡುತ್ತಾ ಹಿಂದೆಯೇ ನಡೆದರು.

"ಆ ತಾಯಿ ನಿನ್ನೆ ಬಂದಿದ್ರಾ?"

"ಹೂಂ, ಕೊನೇ ಅಳತೆಗೆ. ಅವರನ್ನ ಯಾಕೆ ಕೇಳ್ತೀರಿ? ಕೈ ಅವರದ್ದೇ ತಾನೆ!"

"ಏನಾದ್ರೂ ಅಂದ್ರಾ?"

ಪುಟ್ಟಿಯ ಗಾಡಿ ನಿಂತಿತು. "ಒಂದು ರಾತ್ರಿ ಮನೆಗೆ ತಗೊಂಡು ಹೋಗ್ಲಾ ಅಂದ್ರು. ಪರೀಕ್ಷೆ ಆಗೋವರೆಗೆ ಕೈ ಹೊರಗೆ ಹೋಗೋ ಹಾಗಿಲ್ಲ ಅಂದೆ. ಮತ್ತೇನೋ ಹೇಳೋಕೆ ಬಂದ್ರು… ನನಗೆ ಪುರುಸೊತ್ತಿರಲಿಲ್ಲ."

"ನಡಿ, ಅವರ ಮನೆಗೆ ಹೋಗೋಣ."

ಬಸ್ಸಿನಲ್ಲಿ ಪುಟ್ಟಿ ತಡೆಯಲಾರದೆ ಕೇಳಿದಳು: "ಅವರೇ ಅಂತ ಹೇಗೆ ಹೇಳ್ತೀರಿ?"

"ಆ ಚೀಲ ಯಾತಕ್ಕೆ ಹಾಕ್ತಾರೆ?"

"ಕೈ ತೊಟ್ಟಾಗ ತೋಳು ತರಚಬಾರದು ಅಂತ."

"ನಿನ್ನ ಪರೀಕ್ಷೆ ಕೆಡಿಸೋಕೆ ಬಂದವನು ಕೈ ಒಯ್ದರೆ ಸಾಕು. ಬೇರೆ ಡ್ರಾಯರ್ ಹುಡುಕಿ ಆ ಚೀಲ ಯಾಕೆ ಒಯ್ತಾನೆ? ಎರಡೂ ಕೈ ನೆಟ್ಟಗಿರೋನಿಗೆ ಅದರಿಂದ ಏನಾಗಬೇಕು? ಕೈ ತೊಡಬೇಕು ಅಂದುಕೊಂಡವರಿಗೆ ಮಾತ್ರ ಅದು ಬೇಕು. ಕದ್ದಿದ್ದು ಆ ತಾಯೀನೇ. ಪಾಪ, ಆ ಹುಡುಗ ಬೆಳಿಗ್ಗೇನೇ ಸುಳಿವು ಕೊಟ್ಟಿದ್ದ. ನಿನ್ನ ಸಿಟ್ಟು ಅದನ್ನ ನನಗೆ ಮುಟ್ಟಿಸ್ಲಿಲ್ಲ."

ಪುಟ್ಟಿ ಕಿಟಕಿಯಾಚೆ ನೋಡುತ್ತ ಕೂತಳು. ಅವನ ಕೆಂಪಗಾದ ಮುಖ ಕಣ್ಣಮುಂದೆಯೇ ಇತ್ತು.

ಬಾಗಿಲು ತೆರೆದ ಗಂಡಸು ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದ. ಆ ತಾಯಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕೃತಕ ಎಡಗೈಯ ಮೇಲೆ ಅವಳ ಎಳೆ ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು.

"ಬೆಳಿಗ್ಗೆ ಯಾರೂ ಬರೋದರೊಳಗೆ ತಂದಿಡಬೇಕು ಅಂತಿದ್ದೆ," ಎಂದಳು ಉಸಿರಿನ ದನಿಯಲ್ಲಿ. ಪುಟ್ಟಿ ಈ ಸಲ ಒಂದು ಪದವನ್ನೂ ಬಿಡದೆ ದೊಡ್ಡಮ್ಮನಿಗೆ ಹೇಳುತ್ತಾ ಹೋದಳು. "ಮೊದಲು ಮಗು ಈ ಕೈ ನೋಡಿ ಹೆದರಿ ಕಿರುಚಿತು. ಕಿರುಚಿದಷ್ಟು ಸಲವೂ ಮತ್ತೆ ಎತ್ತಿಕೊಂಡೆ. ಈಗಷ್ಟೇ ಮಲಗಿದೆ. ಎಬ್ಬಿಸೋಕೆ ಮನಸ್ಸಾಗ್ತಿಲ್ಲ."

"ನನ್ನನ್ನ ಕೇಳಬಹುದಿತ್ತಲ್ಲ?" ಎಂದು ಬಾಯಿಗೆ ಬಂದದ್ದನ್ನು ಪುಟ್ಟಿ ನುಂಗಿಕೊಂಡಳು. ನಿನ್ನೆ ಆ ತಾಯಿ ಕೇಳಿದ್ದಳಲ್ಲ!

"ಪರೀಕ್ಷೆಯಲ್ಲಿ ಅಷ್ಟು ಜನರ ಮುಂದೆ ನನ್ನ ಮಗು ನನ್ನ ಕೈ ಕಂಡು ಕಿರುಚಿದ್ರೆ, ನಾನು ಮುಖ ಎಲ್ಲಿ ಇಟ್ಕೊಳ್ಳಲಿ? ಅದಕ್ಕೇ ಮನೆಯಲ್ಲೇ ಮೊದಲು ನೋಡಿಬಿಡೋಣ ಅಂತ. ತಪ್ಪಾಯ್ತು."

ದೊಡ್ಡಮ್ಮ ಮಗುವಿನ ಕಡೆ ನೋಡಿದರು. "ಕೇಸು ಮುಗೀತು. ಬಂಧಿಸೋಕೆ ನನ್ನ ಕೈಲಾಗಲ್ಲ."

ಪುಟ್ಟಿ ಮಾತ್ರ ಆ ತಾಯಿಯ ಭುಜವನ್ನೇ ನೋಡುತ್ತಿದ್ದಳು. ಭುಜ ಸೆಟೆದು ಕಿವಿಯವರೆಗೆ ಏರಿತ್ತು, ಕೈಯನ್ನು ಭುಜಕ್ಕೆ ಬಿಗಿದಿದ್ದ ಪಟ್ಟಿಯ ಕೆಳಗೆ ಚರ್ಮ ಕೆಂಪಾಗಿತ್ತು. ತೋಳಿನ ಉದ್ದ, ಸುತ್ತಳತೆ, ಚರ್ಮದ ಬಣ್ಣ ಎಲ್ಲವನ್ನೂ ಪುಟ್ಟಿ ಅಳೆದು ನೋಡಿ ತಿಳಿದಿದ್ದಳು. ಈ ಕೈಯಲ್ಲಿ ಏನನ್ನು ಎತ್ತುತ್ತೀರಿ ಎಂದು ಕೇಳಿರಲಿಲ್ಲ.

"ಮಗು ಎಷ್ಟು ತೂಕ ಇದೆ?" ಎಂದಳು.

ಸಂಜೆ ಪರೀಕ್ಷೆಯ ಕೋಣೆಗೆ ಆ ತಾಯಿ ಮಗುವಿನ ಸಮೇತ ಬಂದಳು. ಬಾಗಿಲು ಹಿಡಿದು ನಿಂತಿದ್ದವನು ಪಕ್ಕದ ಮೇಜಿನವನು. "ನಿನ್ನ ಮೇಲೆ ಸುಮ್ಮನೆ ಗೂಬೆ ಕೂರಿಸಿದೆ, ಕ್ಷಮಿಸು," ಎಂದಳು ಪುಟ್ಟಿ. ಅವನು ತಲೆಯಾಡಿಸಿದ, ನಗಲಿಲ್ಲ. ನಗಿಸಲು ಅವಳಿಗೆ ಇನ್ನೂ ಕೆಲವು ದಿನ ಬೇಕಾಗಬಹುದು.

ಹಿರಿಯ ಪರೀಕ್ಷಕಿ ನಿದ್ದೆಯ ಮಗುವನ್ನು ನೋಡಿ ದನಿ ತಗ್ಗಿಸಿದರು. "ನಿಮ್ಮ ಕೆಲಸದಲ್ಲಿ ದೋಷವೇನಾದರೂ ಇದೆಯೇ?"

"ಇದೆ. ಬಟ್ಟಲು ಎತ್ತೋ ಕೈ ಮಾಡಿದೀನಿ. ಇವರಿಗೆ ಬೇಕಾದ್ದು ಮಗು ಎತ್ತೋ ಕೈ. ಭುಜದ ಪಟ್ಟಿ ಬಿಚ್ಚಿ ಹೊಸದಾಗಿ ಮಾಡಬೇಕು."

"ಮಾಡಿ ತನ್ನಿ. ಆಮೇಲೆ ಅಂಕ ಕೊಡ್ತೇವೆ."

ಕುರ್ಚಿ ಸರಿದ ಸದ್ದಿಗೆ ಮಗು ಕಣ್ಣು ಬಿಟ್ಟಿತು. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಅದು ಒಬ್ಬೊಬ್ಬರ ಮುಖವನ್ನೂ ನೋಡಿತು. ಆಮೇಲೆ, ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ, ಆ ಎಡಗೈಯ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿತು.